ಮಾಪಣ್ಣನ ರಜೆ ಅರ್ಜಿ

ಠಾಣೆ ಪಶ್ಚಿಮ
ಗುರುವಾರ, ೧೦ ನವೆಂಬರ್ ೨೦೧೧

ಪ್ರೀತಿಯ ವಸಂತ್,

ಒಂದು ವಿಷಯವನ್ನು ಈ ಪತ್ರದಲ್ಲಿ ಬರೆಯದೆ ಬಿಡುವುದೆಂದು ತೀರ್ಮಾನಿಸಿದ್ದೆ. ಎರಡು ಸಲ ಬರೆದು ಹರಿದುಹಾಕಿದೆ. ಎರಡರಲ್ಲೂ ಆ ವಿಷಯ ಇರಲಿಲ್ಲ, ಹಾಗಾಗಿ ಎರಡೂ ಸಲೀಸಾಗಿ ಮುಗಿದವು. ಅದು ಇಷ್ಟೇ: ಅಫ್ಘಾನಿಸ್ತಾನದ ಆ ಕ್ಯಾಂಪಿಗೆ ಹೋಗಲೋ ಬೇಡವೋ ಎಂದು ಮಾಪಣ್ಣ ಸಾಯುವ ಎರಡು ತಿಂಗಳ ಮೊದಲು ದುಬೈನಿಂದ ನನಗೆ ಫೋನ್ ಮಾಡಿ ಕೇಳಿದ್ದ. ಹೋಗು ಅಂದವಳು ನಾನು. ನಿನಗೆ ಇದನ್ನು ಹೇಳಿರಲಿಲ್ಲ. ಕಳೆದ ಭಾನುವಾರದವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಮೊದಲ ಸಾಲುಗಳಲ್ಲೇ ಬರೆದುಬಿಟ್ಟಿದ್ದೇನೆ, ಇನ್ನು ಈ ಹಾಳೆಯನ್ನು ಹರಿಯುವುದಿಲ್ಲ.

ನಿನ್ನ ಸೊಂಟದ ನೋವು ಹೇಗಿದೆ? ಬೆಲ್ಟ್ ಕಟ್ಟಿಕೊಂಡೇ ಆಫೀಸಿಗೆ ಹೋಗುತ್ತೇನೆ ಅಂದಿದ್ದೆ. ಕುರ್ಚಿ ಬದಲಾಯಿಸಿಕೊಡಿ ಎಂದು ಕೇಳಲು ನಿನಗೆ ಸಂಕೋಚ, ಅದು ನನಗೆ ಗೊತ್ತು. ಕೇಳು. ಬಿಪಿ ಮಾತ್ರೆ ತಪ್ಪಿಸಬೇಡ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಇಂಚರಳ ಹನ್ನೊಂದನೆಯ ತರಗತಿಯ ಮೊದಲ ಟರ್ಮ್ ಪರೀಕ್ಷೆ ಮುಗಿಯಿತು, ಫಿಸಿಕ್ಸ್ ಮಾತ್ರ ಸುಮಾರು ಅನ್ನುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದು ಅಭ್ಯಾಸವಾಗಿದೆ. ನೀನು ದೀಪಾವಳಿಗೆ ದುಬೈನಿಂದ ಕಳಿಸಿದ ಖರ್ಜೂರದ ಡಬ್ಬಿ ಇನ್ನೂ ಅರ್ಧ ಇದೆ. ಇವತ್ತು ಗುರುನಾನಕ್ ಜಯಂತಿ, ಬೇಲಾಪುರದ ನಮ್ಮ ಆಫೀಸಿಗೆ ರಜೆ. ಬೆಳಿಗ್ಗೆಯಿಂದ ಊಟದ ಮೇಜಿನ ಮುಂದೆ ಕುಳಿತಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಒಂದು ವಾರದಿಂದ ನೀನು ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು "ಭೀಮಮ್ಮನ ಸಹಿ ಆಯ್ತಾ" ಎಂದು. ನಾನು "ಟಿಟ್ವಾಳಾ ದೂರ, ನೋಡ್ತೀನಿ" ಅನ್ನುತ್ತೇನೆ. ಅಲ್ಲಿಗೆ ಇಬ್ಬರೂ ಬೇರೆ ಮಾತಿಗೆ ಹೊರಳುತ್ತೇವೆ. ಮಾಪಣ್ಣನ ಹೆಂಡತಿಯ ಸಹಿ ಆಗಿಲ್ಲ. ದೂರ ಎಂಬುದು ಸುಳ್ಳು, ಕಳೆದ ಭಾನುವಾರವೇ ಹೋಗಿಬಂದೆ. ಅಲ್ಲಿ ಏನಾಯಿತೆಂದು ಹೇಳುವ ಮೊದಲು ನಿಮ್ಮ ಕಂಪನಿಯ ಇಲ್ಲಿನ ಏಜೆಂಟ್ ಮುರಾರಿ ಎರಡನೇ ತಾರೀಖು ಮನೆಗೆ ಬಂದದ್ದನ್ನು ಹೇಳಬೇಕು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ವಹಿನಿ, ಫಕ್ತ ಅಂಗಠಾ ಪಾಹಿಜೆ" ಎಂದರು, ಅತ್ತಿಗೆ, ಬರೀ ಹೆಬ್ಬೆಟ್ಟು ಸಾಕು ಎಂದು. ಚಹಾ ಕುಡಿಯುತ್ತ ಮೂರು ಪುಟದ ಇಂಗ್ಲಿಷ್ ಕಾಗದವನ್ನು ಮೇಜಿನ ಮೇಲಿಟ್ಟು, ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿ ತೋರಿಸಿದರು. ಸೆಪ್ಟೆಂಬರ್ ಇಪ್ಪತ್ತೆರಡರಂದು ಮಾಪಣ್ಣ ದುಬೈನ ಕಂಪನಿ ವಸತಿಯಲ್ಲಿ ನಿದ್ದೆಯಲ್ಲೇ ಹೃದಯ ನಿಂತು ಸತ್ತ, ಮನೆಯವರಿಗೆ ಈ ಬಗ್ಗೆ ಸಂಶಯವಿಲ್ಲ, ಮುಂದೆ ಯಾವ ಕಚೇರಿಗೂ ಕೋರ್ಟಿಗೂ ಹೋಗುವುದಿಲ್ಲ ಎಂದು ಅದರಲ್ಲಿದೆ. "ನಮ್ಮನ್ನ ಕಂಡ್ರೆ ಆ ಭೀಮಮ್ಮ ದರ್ವಾಜಾ ಬಂದ್ ಮಾಡ್ತಾಳ, ವಹಿನಿ. ನೀವು ಅವರ ಟೀಚರ್. ನಿಮ್ಮ ಮಾತು ಕೇಳ್ತಾಳ," ಎಂದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಇದು ಆಗದಿದ್ರ ವಸಂತ್ ಸರ್‌ಗ ಥೋಡಾ ಪ್ರಾಬ್ಲೆಮ್ ಆಗ್ತದ," ಎಂದೂ ಸೇರಿಸಿದರು. ಬೆದರಿಕೆಯ ಧ್ವನಿಯಲ್ಲ, ಮಳೆ ಬರಬಹುದು ಅನ್ನುವ ಹಾಗೆ.

ನೀನು ಮಾಪಣ್ಣನನ್ನು ನೋಡಿದ್ದು ಫೆಬ್ರವರಿಯಲ್ಲಿ, ಅವನು ಹೊಸ ಶರ್ಟು ಹಾಕಿ ಫೈಲು ಹಿಡಿದುಕೊಂಡು ದುಬೈಗೆ ಬಂದಿಳಿದಾಗ. ನನಗೆ ಗೊತ್ತಿದ್ದವನು ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳಲ್ಲಿ ಡ್ರಮ್ಮು ಹೊರುತ್ತಿದ್ದ ಮಾಪಣ್ಣ. ನಮ್ಮ ಕನ್ನಡ ಸಂಘದ ಧರ್ಮಪಾಲರು ಮುನ್ಸಿಪಲ್ ಶಾಲೆಯ ಒಂದು ಕೋಣೆ ಬೇಡಿಕೊಂಡು ನಡೆಸುತ್ತಿದ್ದ ಭಾನುವಾರದ ತರಗತಿಗೆ ಅವನು ೨೦೦೮ರಲ್ಲಿ ಬಂದ. ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಕಟ್ಟುವ, ಗುಲ್ಬರ್ಗಾ ಬಿಜಾಪುರ ಕಡೆಯ ಹತ್ತು ಹನ್ನೆರಡು ಜನ. ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ, ಏಕೆಂದರೆ ನನಗೆ ಬರುವುದು ಅದೊಂದೇ ಎಂದು ನೀನು ತಮಾಷೆ ಮಾಡುತ್ತಿದ್ದೆ. ಮಾಪಣ್ಣ ತನ್ನ ಕುರ್ಚಿಯನ್ನು ಗೋಡೆಯವರೆಗೆ ಎಳೆದುಕೊಂಡು ಕೂರುತ್ತಿದ್ದ. ಹತ್ತಿರ ಬಾ ಅಂದರೆ "ಬ್ಯಾಡ್ರಿ ಟೀಚರ್, ಮೈ ಡ್ರಮ್ಮಿನ ವಾಸನಿ ಹೊಡೀತದ," ಎನ್ನುತ್ತಿದ್ದ. ಮೂರು ಸಲ ಪರೀಕ್ಷೆಗೆ ಕುಳಿತ. ಇಂಗ್ಲಿಷ್ ಪತ್ರಲೇಖನಕ್ಕೆಂದು ಗೈಡಿನ ರಜೆ ಅರ್ಜಿಯೊಂದನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದ. ಯಾವ ಪತ್ರ ಕೇಳಿದರೂ ಅದೇ. ಓಣಿಯ ಕಸದ ಬಗ್ಗೆ ನಗರಪಾಲಿಕೆಗೆ ದೂರು ಬರೆಯಿರಿ ಎಂದು ಪ್ರಶ್ನೆ ಬಂದಾಗ, ನಮ್ಮ ಓಣಿಯಲ್ಲಿ ಕಸ ಬಿದ್ದಿರುವುದರಿಂದ ನಾನು ಜ್ವರದಿಂದ ಬಳಲುತ್ತಿದ್ದೇನೆ, ದಯವಿಟ್ಟು ಎರಡು ದಿನ ರಜೆ ಕೊಡಬೇಕು, ಬಿಟ್ಟುಹೋದ ಪಾಠಗಳನ್ನು ಬಂದ ಮೇಲೆ ಪೂರ್ತಿ ಮಾಡುತ್ತೇನೆ ಎಂದು ಬರೆದಿದ್ದ. ತರಗತಿಯಲ್ಲಿ ಅದನ್ನು ಓದಿ ಎಲ್ಲರೂ ನಕ್ಕೆವು, ಅವನೂ ನಕ್ಕ. ಮೂರನೇ ಸಲ, ೨೦೧೦ರಲ್ಲಿ, ಇಂಗ್ಲಿಷಿನಲ್ಲಿ ಮೂವತ್ತೆಂಟು ಬಂತು. ಪೇಢೆ ತಂದು ಕೊಟ್ಟು, ಎಲ್ಲರ ಮುಂದೆ ನನ್ನ ಕಾಲು ಮುಟ್ಟಿದ. ನನಗಿಂತ ಹತ್ತು ವರ್ಷ ಚಿಕ್ಕವನಷ್ಟೇ.

ನಾನು ಅವರಿಗೆ ಇನ್ನೂ ಎರಡು ಸಂಗತಿ ಹೇಳಿಕೊಟ್ಟಿದ್ದೆ, ಅವು ಪುಸ್ತಕದಲ್ಲಿ ಇರಲಿಲ್ಲ. ಬೇಲಾಪುರದಲ್ಲಿ ಹದಿನಾಲ್ಕು ವರ್ಷ ಆವಕ ವಿಭಾಗದಲ್ಲಿ ಕುಳಿತು, ಬಂದ ಕಾಗದಕ್ಕೆಲ್ಲ ಮೊಹರು ಒತ್ತಿ ಕಲಿತ ಬುದ್ಧಿ ಅದು. ಒಂದು, ಓದದೆ ಎಲ್ಲಿಯೂ ಸಹಿ ಮಾಡಬೇಡಿ. ಎರಡು, ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ತಲುಪಿದೆ ಎಂಬ ಶಿಕ್ಕಾ ಹಾಕಿಸಿಕೊಂಡು ಜೋಪಾನ ಮಾಡಿ. ಇದನ್ನು ಏಕೆ ಬರೆಯುತ್ತಿದ್ದೇನೆಂದು ಮುಂದೆ ಗೊತ್ತಾಗುತ್ತದೆ.

ಹತ್ತು ಪಾಸಾದದ್ದರಿಂದ ಅವನಿಗೆ ಸಿಕ್ಕಿದ್ದು ಏನು ಎಂದು ಈಚೆಗೆ ಯೋಚಿಸುತ್ತಿದ್ದೇನೆ. ಹತ್ತು ಓದದವನ ಪಾಸ್‌ಪೋರ್ಟಿನಲ್ಲಿ ಸರ್ಕಾರ ಒಂದು ಮುದ್ರೆ ಒತ್ತುತ್ತದೆ, ಇವನನ್ನು ಕೆಲಸಕ್ಕೆ ಹೊರದೇಶಕ್ಕೆ ಕಳಿಸುವ ಮೊದಲು ಕರಾರು ಪತ್ರ ಪರಿಶೀಲಿಸಬೇಕು ಎಂದು. ಯಾವ ದೇಶ, ಏನು ಕೆಲಸ, ಯಾರು ಹೊಣೆ ಎಂದು ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ. ಹತ್ತು ಪಾಸಾದವನಿಗೆ ಆ ಮುದ್ರೆ ಇಲ್ಲ, ಅವನು ತನ್ನ ಕಾಗದ ತಾನೇ ಓದಿಕೊಳ್ಳಬಲ್ಲ ಎಂದು ಲೆಕ್ಕ. ಮಾಪಣ್ಣ ಪಾಸ್‌ಪೋರ್ಟ್ ತಂದು, ಆ ಖಾಲಿ ಪುಟವನ್ನು ತೆರೆದು ತೋರಿಸಿ, "ನೋಡ್ರಿ ಟೀಚರ್, ಶಿಕ್ಕಾ ಇಲ್ಲ," ಎಂದು ಹೆಮ್ಮೆಪಟ್ಟಿದ್ದ. ಅವನ ಕರಾರು ಪತ್ರವನ್ನೂ ನಾನೇ ಓದಿ ಹೇಳಿದೆ. ದುಬೈ ಅಥವಾ ಕಂಪನಿ ಸೂಚಿಸುವ ಇತರ ಸ್ಥಳ ಎಂದಿತ್ತು. ಶಾರ್ಜಾ ಇರಬಹುದು, ಅಬುಧಾಬಿ ಇರಬಹುದು ಎಂದೆ. ನಿಮ್ಮ ಕಂಪನಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನ್ಯದ ಕ್ಯಾಂಪುಗಳಿಗೆ ಊಟ ಹಾಕುತ್ತದೆ, ಬಟ್ಟೆ ಒಗೆದುಕೊಡುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕ್ಷಣ ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲಿಲ್ಲವೋ, ಪ್ರಾಮಾಣಿಕವಾಗಿ ಹೇಳಲಾರೆ. ಅವನಿಗೆ ಕೆಲಸ ಕೊಡಿಸು ಎಂದು ನಿನಗೆ ದುಂಬಾಲು ಬಿದ್ದವಳೂ ನಾನೇ.

ಈಗ ಆ ಫೋನಿನ ವಿಷಯ. ಜುಲೈ ಮೂರನೇ ವಾರ. ದಾದರ್, ಝವೇರಿ ಬಜಾರ್, ಆಪೆರಾ ಹೌಸುಗಳಲ್ಲಿ ಬಾಂಬು ಸಿಡಿದು ಇನ್ನೂ ವಾರವಾಗಿತ್ತಷ್ಟೆ. ಠಾಣೆ ಸ್ಟೇಶನ್ನಿನಲ್ಲಿ ಚೀಲ ತಪಾಸಣೆಯ ಸಾಲು, ಮೇಲೆ ಮಳೆ, ವಾಶಿ ಗಾಡಿ ಒಂದು ಬಿಟ್ಟಾಗಿತ್ತು. ಅಷ್ಟರಲ್ಲಿ ಅವನ ಫೋನು. "ಟೀಚರ್ರೀ, ಆ ಕಡಿ ಕ್ಯಾಂಪಿಗಿ ಮಂದಿ ಬೇಕಂತ. ಪಗಾರ ಹೆಚ್ಚಿಗಿ ಅಂತಾರ. ಆದ್ರ ಅಲ್ಲಿ ಲಡಾಯಿ ನಡದದಲ್ರಿ. ಹೋಗ್ಲ್ಯಾ, ಬ್ಯಾಡಾ?" ನನಗೆ ಆ ವಾರ ಸಿಟ್ಟು ಬಂದಿತ್ತು, ವಸಂತ್. ಮೂರು ವರ್ಷದ ಹಿಂದಿನ ನವೆಂಬರಿನಲ್ಲಿ ಮೂರು ದಿನ ಟಿವಿ ಮುಂದೆ ಕುಳಿತು ಬಂದಿದ್ದಂಥ ಸಿಟ್ಟು. ಅಲ್ಲಿ ಯಾರೋ ಇಂಥ ಬಾಂಬು ಇಡುವವರನ್ನು ಹೊಡೆಯುತ್ತಿದ್ದಾರೆ, ಅದರಿಂದಲೇ ಇಲ್ಲಿ ನಾನು ರೈಲು ಹತ್ತಬಲ್ಲೆ ಎಂದು ಒಂದು ಸರಳ ಲೆಕ್ಕ ನನ್ನ ತಲೆಯಲ್ಲಿತ್ತು. ಅಲ್ಲಿ ಹೊಡೆಸಿಕೊಳ್ಳುತ್ತಿದ್ದವರಿಗೂ ನಮ್ಮ ರೈಲಿಗೂ ಏನು ಸಂಬಂಧವೆಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಅವನಿಗೆ ಹೇಳಿದೆ: "ಹೆದರಬೇಡ. ಅದು ನಮ್ಮ ಮಿತ್ರರ ಕ್ಯಾಂಪು. ಸುತ್ತ ಕೋಟೆ ಹಾಗೆ ಗೋಡೆ ಇರುತ್ತೆ. ನೀನು ಬಟ್ಟೆ ಒಗೆಯೋದಷ್ಟೇ. ಸಾಹೇಬ್ರೂ ಇದ್ದಾರಲ್ಲ, ನೋಡ್ಕೋತಾರೆ." ಸಾಹೇಬರು ಅಂದರೆ ನೀನು. "ಆಯ್ತ್ರಿ ಟೀಚರ್, ನೀವ್ ಅಂದ್ರಂದ್ರ ಮುಗೀತು," ಎಂದ. ಗಾಡಿ ಬಂತು, ಹತ್ತಿದೆ. ಒಟ್ಟು ಎರಡು ನಿಮಿಷ.

ಆಮೇಲೆ ಆಗಸ್ಟಿನಲ್ಲಿ ಒಮ್ಮೆ ಮಾತ್ರ ಮಾತಾಡಿದ, ಕ್ಯಾಂಪಿನಿಂದ. ಖುಷಿಯಾಗಿದ್ದ ಹಾಗೆ ಕೇಳಿಸಿತು. "ಈಗ ಮೈ ಸಾಬೂನ್ ವಾಸನಿ ಬರ್ತದ್ರಿ ಟೀಚರ್, ಮುಂದಿನ ಬೆಂಚಿಗಿ ಕೂಡ್ತೀನಿ," ಎಂದ. ಸಿಪಾಯಿಗಳ ಅಂಗಿಯ ಜೇಬುಗಳಲ್ಲಿ ಮಕ್ಕಳ ಫೋಟೋ ಸಿಗುತ್ತವಂತೆ, ಒಗೆಯುವ ಮೊದಲು ತೆಗೆದು ಬೇರೆ ಇಡುತ್ತಾನಂತೆ. ಕೆಲವು ಬಟ್ಟೆಗಳನ್ನು ಮೂರು ಸಲ ಒಗೆದರೂ ಕಲೆ ಹೋಗುವುದಿಲ್ಲವಂತೆ. ಯಾರ ರಕ್ತ ಎಂದು ಕೇಳುವ ಹಾಗಿಲ್ಲ. ಅವನ ಜೊತೆ ಕೆಲಸ ಮಾಡುವ ಅಲ್ಲಿಯ ಮುದುಕನೊಬ್ಬ ದಿನಾ ಚಹಾ ಕುಡಿಸುತ್ತಾನಂತೆ. ಆ ಮುದುಕ ಒಂದು ದಿನ ಬರಲಿಲ್ಲ. ಅವನ ಊರಿನ ಮೇಲೆ ಇದೇ ಕ್ಯಾಂಪಿನಿಂದ ಎದ್ದ ವಿಮಾನ ಬಾಂಬು ಹಾಕಿತ್ತೆಂದು ಆಮೇಲೆ ತಿಳಿಯಿತು. ನಾಲ್ಕು ದಿನ ಬಿಟ್ಟು ಮುದುಕ ಬಂದು, ಮತ್ತೆ ಅದೇ ಅಂಗಿಗಳನ್ನು ಮಡಚಲು ಕುಳಿತ. "ನಾ ಏನೂ ಕೇಳ್ಲಿಲ್ರಿ. ಅವನೂ ಏನೂ ಅನ್ಲಿಲ್ಲ. ಚಾ ಕೊಟ್ಟ, ಕುಡದೆ," ಎಂದ ಮಾಪಣ್ಣ. ಆಮೇಲೆ, "ನಾವು ಯಾರ ಕಡ್ಯಾವ್ರು ಟೀಚರ್?" ಎಂದು ಕೇಳಿದ. ನಾನು ಹುಷಾರಾಗಿರು ಅಂದೆ.

ಆ ಯುದ್ಧ ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಮತ್ತೆ ಶಾಲೆಗೆ ಹೋಗುವ ಚಿತ್ರ ನೋಡಿ ಕಣ್ಣು ಒರೆಸಿಕೊಂಡಿದ್ದೇನೆ. ಅದೇ ಪತ್ರಿಕೆಯ ಒಳಪುಟದಲ್ಲಿ ಮದುವೆ ದಿಬ್ಬಣದ ಮೇಲೆ ಬಾಂಬು ಬಿದ್ದ ಸುದ್ದಿ ಓದಿ ಪುಟ ತಿರುಗಿಸಿಯೂ ಇದ್ದೇನೆ. ನಾವು ಆ ದೇಶಕ್ಕೆ ಸೈನಿಕರನ್ನು ಕಳಿಸಲಿಲ್ಲ, ರಸ್ತೆ ಹಾಕಿದೆವು, ಆಸ್ಪತ್ರೆ ನಡೆಸಿದೆವು ಎಂದು ನೀನೂ ನಾನೂ ಸ್ನೇಹಿತರ ಮನೆಯ ಊಟಗಳಲ್ಲಿ ಎಷ್ಟು ಸಲ ಹೇಳಿಲ್ಲ. ಹೋರಾಟ ಮಿತ್ರರದ್ದು, ನಮ್ಮ ಕೈ ಸ್ವಚ್ಛ. ಆದರೆ ಆ ಸೈನ್ಯಕ್ಕೆ ಅನ್ನ ಬೇಯಿಸಲು, ಪಾಯಿಖಾನೆ ತೊಳೆಯಲು, ರಕ್ತದ ಅಂಗಿ ಒಗೆಯಲು ಇಲ್ಲಿಂದಲೇ ಜನ ಹೋದರು. ಯಾವ ಸಭೆಯಲ್ಲೂ ಚರ್ಚೆಯಾಗದೆ ಹೋದರು. ಅವರಿಗೆ ಬಂದೂಕಿಲ್ಲ, ಸಮವಸ್ತ್ರವಿಲ್ಲ, ಸತ್ತರೆ ಬಾವುಟವೂ ಇಲ್ಲ. ಹೃದಯ ನಿಂತಿತು ಎಂಬ ಒಂದು ಕಾಗದ ಇದೆ. "ನಾವು ಬಂದೂಕು ಮುಟ್ಟಲ್ಲ ವಿನೂ, ಬಟಾಣಿ ಲೆಕ್ಕ ಹಾಕ್ತೀವಿ," ಎಂದು ನೀನು ಹೇಳುತ್ತಿದ್ದೆ. ನಾನು ಆ ಮಾತನ್ನು ಬೇರೆಯವರಿಗೂ ಹೇಳಿ ನಗಿಸಿದ್ದೇನೆ. ಇಂಚರ ಮೊನ್ನೆ ಊಟ ಮಾಡುತ್ತ, "ಮಮ್ಮಾ, ಪಪ್ಪಾ ಆರ್ಮಿ ಮೇ ಹೈ ಕ್ಯಾ?" ಎಂದು ಕೇಳಿದಳು. ಛೇ, ಸೈನ್ಯದಲ್ಲಿ ಇಲ್ಲ ಅಂದೆ. "ತೋ ಫಿರ್ ಮಾಪಣ್ಣ ಅಂಕಲ್ ವಹಾಂ ಕ್ಯೂಂ ಮರೇ?" ಎಂದಳು, ಹಾಗಾದರೆ ಅವರು ಅಲ್ಲಿ ಏಕೆ ಸತ್ತರು ಎಂದು. ಎದ್ದು ಹೋಗಿ ಮೊಸರು ತಂದೆ.

ಪೆಟ್ಟಿಗೆ ಅಕ್ಟೋಬರ್ ಒಂದರಂದು ಬಂದದ್ದು ನಿನಗೆ ಗೊತ್ತು. ತೆರೆಯಬಾರದು ಎಂದು ಬರೆದಿತ್ತು. ಧರ್ಮಪಾಲರು ಆಂಬ್ಯುಲೆನ್ಸಿನಲ್ಲಿ ಜೊತೆಗೆ ಕುಳಿತು ಆಳಂದದ ಹತ್ತಿರದ ಅವನ ಊರಿನವರೆಗೆ ಹೋಗಿ ಮಣ್ಣು ಮಾಡಿಸಿ ಬಂದರು. ನಾನು ಹೋಗಲಿಲ್ಲ, ಆಫೀಸಿನ ನೆಪ ಹೇಳಿದೆ. ಬಂದ ಮೇಲೆ ಅವರು ನನಗೆ ಅಂದದ್ದು ಇದು: "ನಿದ್ದೆಯಲ್ಲಿ ಸತ್ತವನ ಪೆಟ್ಟಿಗೆ ಅಷ್ಟು ಹಗುರ ಇರ್ತದಾ ಮೇಡಂ? ನಾನು ಒಂದು ಕೈಯಲ್ಲಿ ಎತ್ತಿದೆ ಮಾರಾಯ್ರೆ." ಇಷ್ಟು ವರ್ಷದಲ್ಲಿ ಅವರು ನನ್ನ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು. ಅವರಿಗೆ ಪರಿಚಯದ ವಕೀಲರೊಬ್ಬರಿದ್ದಾರೆ. ದುಬೈನಲ್ಲಿ ಸತ್ತರೆ ಸಾಧಾರಣ ಸಾವು, ಯುದ್ಧದ ಕ್ಯಾಂಪಿನಲ್ಲಿ ಸತ್ತರೆ ಆ ಸೈನ್ಯದ ದೇಶದ ಕಾನೂನು ಅನ್ವಯಿಸುತ್ತದಂತೆ, ಒಗೆಯುವವನು ಯಾವ ದೇಶದವನಾದರೂ ಅವನ ಹೆಂಡತಿಗೆ ವಿಮೆ ಸಿಗಬೇಕಂತೆ. ಕಾಗದದಲ್ಲಿ ದುಬೈ ಎಂದು ಏಕಿದೆ ಎಂದು ಆಗ ನನಗೆ ಅರ್ಥವಾಯಿತು. ನಿನಗೆ ಮೊದಲೇ ಅರ್ಥವಾಗಿರಬೇಕು.

ಭಾನುವಾರ ಕಸಾರಾ ಲೋಕಲ್ ಹಿಡಿದು ಟಿಟ್ವಾಳಾಕ್ಕೆ ಹೋದೆ. ಇಂಚರ ಹುಟ್ಟುವ ಮೊದಲು ನಾವಿಬ್ಬರೂ ಗಣಪತಿಗೆಂದು ಹೋಗುತ್ತಿದ್ದ ದಾರಿ ಈಗ ಗುರುತು ಸಿಗುವುದಿಲ್ಲ, ಎಲ್ಲ ಕಡೆ ಕಟ್ಟಡ ಏಳುತ್ತಿವೆ. ಭೀಮಮ್ಮ ಅವುಗಳಲ್ಲೊಂದಕ್ಕೆ ಇಟ್ಟಿಗೆ ಹೊರುತ್ತಾಳೆ, ಹಿಂದೆ ತಗಡಿನ ಕೋಣೆ. ಊರಿನಿಂದ ಹದಿನೈದೇ ದಿನಕ್ಕೆ ವಾಪಸು ಬಂದಿದ್ದಾಳೆ. ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಅಳಲಿಲ್ಲ. ಕಂಪನಿಯ ಕಾಗದ ತೆಗೆದು, ಹೆಬ್ಬೆಟ್ಟಿನ ಜಾಗ ತೋರಿಸಿದೆ. "ನಂಗ ಸಹಿ ಬರ್ತದ್ರಿ. ಅವ್ರೇ ಕಲ್ಸ್ಯಾರ," ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಮೊದ್ಲ ಓದ್ರಿ. ಓದ್ಲಾರದ ಸಹಿ ಮಾಡಬ್ಯಾಡ ಅಂತ ಟೀಚರ್ ಹೇಳ್ಯಾರ ಅಂತಿದ್ರು," ಎಂದಳು. ಓದಲು ಶುರುಮಾಡಿದೆ. ಕನ್ನಡ ಮಾಡುತ್ತ ಹೋದೆ. ಮಾಪಣ್ಣ ಸೆಪ್ಟೆಂಬರ್ ಇಪ್ಪತ್ತೆರಡರಂದು ತೀರಿಕೊಂಡರು ಎಂದೆ. ದುಬೈ ಎಂಬ ಮಾತನ್ನು ಬಿಟ್ಟೆ. ಹೃದಯದ ಮಾತನ್ನೂ ಬಿಟ್ಟೆ. ಅವಳಿಗಾಗಿ ಬಿಟ್ಟೆನೋ ನಿನಗಾಗಿಯೋ ತಿಳಿಯದು, ನಾಲಗೆ ತಾನಾಗಿ ದಾಟಿಹೋಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. "ಅಷ್ಟ ಉದ್ದ ಬರದದ, ನೀವು ಇಷ್ಟ ಓದಿದ್ರಿ," ಎಂದಳು. ಎದ್ದು ಹೋಗಿ ಕಂಪನಿಯವರು ಪೆಟ್ಟಿಗೆಯ ಜೊತೆ ಕಳಿಸಿದ್ದ ಬ್ಯಾಗಿನಿಂದ ಅವನ ಹತ್ತನೆಯ ತರಗತಿಯ ಅಂಕಪಟ್ಟಿಯ ಪ್ಲಾಸ್ಟಿಕ್ ಕವರ್ ತಂದಳು. ಅಂಕಪಟ್ಟಿಯ ಹಿಂದೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. "ಇದನ್ನೂ ಓದ್ರಿ. ಅವ್ರ ಅಕ್ಷರ ಅದ. ಇಂಗ್ಲಿಷ್ನ್ಯಾಗ ಅದ," ಎಂದಳು.

ಅದು ರಜೆ ಅರ್ಜಿ, ವಸಂತ್. ಬಾಯಿಪಾಠ ಮಾಡಿದ್ದು. ಕ್ಯಾಂಪಿನ ಮೇಲಧಿಕಾರಿಗೆ, ಸೆಪ್ಟೆಂಬರ್ ಐದನೇ ತಾರೀಖು. ಅವನ ಇಂಗ್ಲಿಷನ್ನು ತಿದ್ದದೆ ಅವಳಿಗೆ ಕನ್ನಡದಲ್ಲಿ ಹೇಳಿದೆ, ನಿನಗೂ ಹಾಗೆಯೇ ಬರೆಯುತ್ತೇನೆ: "ಗೌರವಾನ್ವಿತ ಸರ್, ನಮ್ಮ ಲಾಂಡ್ರಿಯ ಮೇಲೆ ರಾಕೆಟ್ ಬೀಳುತ್ತಿರುವುದರಿಂದ ನಾನು ಭಯದಿಂದ ಬಳಲುತ್ತಿದ್ದೇನೆ. ಹಿಂದಿನ ವಾರ ಇಬ್ಬರಿಗೆ ಪೆಟ್ಟಾಗಿದೆ. ದಯವಿಟ್ಟು ನನಗೆ ರಜೆ ಕೊಟ್ಟು ದುಬೈಗೆ ಕಳುಹಿಸಬೇಕು. ಬಿಟ್ಟುಹೋದ ಪಾಠಗಳನ್ನು ಬಂದ ಮೇಲೆ ಪೂರ್ತಿ ಮಾಡುತ್ತೇನೆ. ತಮ್ಮ ವಿಧೇಯ ವಿದ್ಯಾರ್ಥಿ, ಮಾಪಣ್ಣ." ಕೆಳಗೆ ಶಿಕ್ಕಾ ಇದೆ. ತಲುಪಿದೆ ಎಂದು, ತಾರೀಖು, ಕ್ಯಾಂಪಿನ ಹೆಸರು, ಎಲ್ಲವೂ ಸ್ಪಷ್ಟ. ನಾನು ಹೇಳಿಕೊಟ್ಟದ್ದನ್ನು ಅವನು ಅಲ್ಲಿಯೂ ಪಾಲಿಸಿದ್ದ. ಭೀಮಮ್ಮ "ಪಾಠ ಅಂದ್ರ ಯಾವ ಪಾಠರೀ?" ಎಂದು ಕೇಳಿದಳು. ಪರೀಕ್ಷೆಗೆ ಓದಿದ್ದನ್ನು ಹಾಗೇ ಬರೆದಿದ್ದಾನೆ ಅಂದೆ. ಆಗ ಅತ್ತಳು. ನಾನೂ ಅತ್ತೆ. ಅಳು ನಿಂತ ಮೇಲೆ, ಹೋಗು ಅಂದವಳು ನಾನೇ ಎಂದು ಅವಳಿಗೆ ಹೇಳಿಬಿಟ್ಟೆ. ಅವಳು ನನ್ನನ್ನು ಬೈಯಲಿಲ್ಲ. "ಗೊತ್ತದ್ರಿ. ಟೀಚರ್ ಹೂಂ ಅಂದಾರ ಅಂತ ನಂಗ ಫೋನ್ ಮಾಡಿದ್ರು," ಎಂದಳು. ಇಷ್ಟು ದಿನವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಲ್ಲ ಕೊಟ್ಟಿದ್ದಳು.

ಕಂಪನಿಯ ಕಾಗದವನ್ನು ಸಹಿ ಇಲ್ಲದೆ ಮುರಾರಿಗೆ ವಾಪಸು ಕೊಡುತ್ತೇನೆ. ಭೀಮಮ್ಮನ ಕಡೆಯಿಂದ ದೆಹಲಿಗೂ ಆ ವಿಮೆಯ ಕಚೇರಿಗೂ ಒಂದು ಅರ್ಜಿ ಬರೆದುಕೊಟ್ಟಿದ್ದೇನೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಹಾಕಿದ್ದೇನೆ, ಜುಲೈನ ಫೋನನ್ನೂ ಅದರಲ್ಲಿ ಬರೆದಿದ್ದೇನೆ. ನಿನ್ನ ಕೆಲಸಕ್ಕೆ ಏನಾಗಬಹುದೆಂದು ಯೋಚಿಸದೆ ಮಾಡಿದ್ದಲ್ಲ. ಈ ಮನೆ, ಇಂಚರಳ ಓದು, ನಿನ್ನ ವಯಸ್ಸಿಗೆ ಬೇರೆ ಕೆಲಸ, ಎಲ್ಲ ಯೋಚಿಸಿದೆ. ಯೋಚಿಸಿದಷ್ಟೂ ಆ ಹಾಳೆ ಕಣ್ಣ ಮುಂದೆ ಬರುತ್ತದೆ. ನೀನು ಸಿಟ್ಟಾಗಬಹುದು. ಆಗು, ಆದರೆ ಮಾತು ಬಿಡಬೇಡ. ಮಾತ್ರೆ ತೆಗೆದುಕೋ, ಬೆಲ್ಟ್ ಕಟ್ಟಿಕೋ. ಇಂಚರ ನಿನ್ನನ್ನು ಕೇಳುತ್ತಿರುತ್ತಾಳೆ. ನಿನಗೆ ಕೆಟ್ಟದ್ದಾಗಲೆಂದು ನಾನು ಯಾವತ್ತೂ ಬಯಸಿಲ್ಲ ಎಂಬುದನ್ನು ನಂಬು.

ನಿನ್ನ
ವಿನೋದಾ

ತಾ.ಕ. ಭಾನುವಾರ, ೧೩. ಈ ಪತ್ರ ಗುರುವಾರವೇ ಮುಗಿದಿತ್ತು, ಲಕೋಟೆಗೆ ಹಾಕಲು ಕೈ ಬರಲಿಲ್ಲ. ಮೇಲೆ ಒಂದು ಬಿಟ್ಟಿದ್ದೇನೆ. ಭೀಮಮ್ಮನಿಗೂ ಅವತ್ತು ಓದದೆ ಬಿಟ್ಟಿದ್ದೆ. ಆ ಅರ್ಜಿ ನಿನ್ನ ದುಬೈ ಆಫೀಸಿಗೆ ಹೋಗಿ ಫ್ಯಾಕ್ಸಿನಲ್ಲಿ ವಾಪಸು ಬಂದ ಪ್ರತಿ. ಎಡ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇದೆ: ಬದಲಿ ಜನ ಇಲ್ಲ, ಡಿಸೆಂಬರ್‌ವರೆಗೆ ಮುಂದುವರಿಸಿ. ಅದರ ಕೆಳಗೆ ಚಿಕ್ಕ ಸಹಿ. ಬಾಲ ಸುತ್ತಿ ಮೇಲಕ್ಕೆ ಎಳೆದ ಆ ವಿ ಅಕ್ಷರವನ್ನು ನಾನು ಇಂಚರಳ ಹತ್ತು ವರ್ಷದ ಪ್ರಗತಿ ಪತ್ರಗಳ ಮೇಲೆ ತಂದೆಯ ಸಹಿಯ ಜಾಗದಲ್ಲಿ ನೋಡಿದ್ದೇನೆ. ಇವತ್ತು ಮತ್ತೆ ಟಿಟ್ವಾಳಾಕ್ಕೆ ಹೋಗಿ ಅದನ್ನೂ ಅವಳಿಗೆ ಓದಿ ಹೇಳಿದೆ, ಯಾರದೆಂದೂ ಹೇಳಿದೆ. ಅವಳು ಹಾಳೆಯನ್ನು ತನ್ನ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ, "ಸಾಹೇಬ್ರು ಓದಿ ಸಹಿ ಮಾಡ್ಯಾರೋ, ಓದ್ಲಾರದ ಮಾಡ್ಯಾರೋ, ಅಷ್ಟ ಕೇಳ್ರಿ," ಎಂದಳು. ಬೇರೆ ಏನೂ ಕೇಳಲಿಲ್ಲ. ನಾನೂ ಕೇಳುವುದಿಲ್ಲ, ಅಷ್ಟೇ ಹೇಳು. ನಿನ್ನ ಉತ್ತರಕ್ಕೆ ಕಾಯದೆ ಅವಳ ಅರ್ಜಿ ಹೋಗುತ್ತದೆ, ಆ ಹಾಳೆಯ ಪ್ರತಿಯನ್ನು ಅಂಚಿನ ಸಮೇತ ಅದರ ಜೊತೆ ಇಟ್ಟಿದ್ದೇನೆ. ಅದನ್ನೂ ಈ ಪತ್ರವನ್ನೂ ಬೇಲಾಪುರದ ಅಂಚೆ ಕಚೇರಿಯಲ್ಲಿ ಒಟ್ಟಿಗೆ ಹಾಕುತ್ತೇನೆ, ನಾಳೆ, ಸೋಮವಾರ, ೧೪ ನವೆಂಬರ್ ೨೦೧೧.